ಮೆಟ್ಟಿಲ ಪುಸ್ತಕದಲ್ಲಿ ರೋಸ್ವಿಟಾ

ರೋಸ್ವಿಟಾ ಐಸೆಲೆ ಹನ್ನೊಂದು ವರ್ಷ ನಮ್ಮ ಊರಿನ ಮೇಲಿನ ಕೇರಿಗೆ ಟಪಾಲು ಹಂಚಿದಳು. ಬೆಳಗಿನ ನಾಲ್ಕೂಮುಕ್ಕಾಲಿಗೆ ನಮ್ಮ ಮಲಗುವ ಕೋಣೆಯ ನೆತ್ತಿಯ ಮೇಲೆ ಅವಳ ಅಲಾರಾಂ ಬಡಿದುಕೊಳ್ಳುತ್ತಿತ್ತು. ಆಮೇಲೆ ಯಾವ ಸದ್ದಿನ ಹಿಂದೆ ಯಾವ ಸದ್ದು ಬರುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಮೊದಲು ನಲ್ಲಿ, ಆಮೇಲೆ ಒಲೆಯ ಬಾಗಿಲು, ಆಮೇಲೆ ಗಂಡನ ಬುತ್ತಿ ಡಬ್ಬಿಯ ಮುಚ್ಚಳ, ಮಗಳ ಡಬ್ಬಿಯ ಮುಚ್ಚಳ. ಅವಳಿಗೆ ಡಬ್ಬಿ ಇರಲಿಲ್ಲ. ಬ್ರೆಡ್ಡಿನ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಐದೂಕಾಲಿಗೆ ಮೆಟ್ಟಿಲಿಳಿಯುವಾಗ ಬೂಟು ಕೈಯಲ್ಲಿರುತ್ತಿತ್ತು. ನಮಗೆ ಯಾರಿಗೂ ನಿದ್ದೆ ಕೆಡಬಾರದು ಎಂದು ಕೆಳಗಿನ ಬಾಗಿಲ ಹತ್ತಿರ ಕೂತು ಹಾಕಿಕೊಳ್ಳುತ್ತಿದ್ದಳು.

ನಾನು ಅವಳ ಕೆಳಗಿನ ಮನೆಯವಳು, ಗೆರ್ಲಿಂಡೆ ಶ್ವೆಂಕ್. ಊರಿನ ಜಮೀನು ನೋಂದಣಿ ಕಚೇರಿಯಲ್ಲಿ ಬೆಳಗಿನ ಪಾಳಿಯ ಟೈಪಿಸ್ಟ್ ಆಗಿದ್ದೆ. ಗಂಡ ವಾಲ್ಟರ್ ಯಂತ್ರದ ಕಾರ್ಖಾನೆಯಿಂದ ಹನ್ನೆರಡೂಕಾಲಿಗೆ ಊಟಕ್ಕೆ ಬರುತ್ತಿದ್ದ. ಹನ್ನೆರಡಕ್ಕೆ ಕಚೇರಿ ಬಿಟ್ಟು ನಾನು ಓಡುತ್ತಿದ್ದೆ. ಹಿಂದಿನ ದಿನವೇ ಮಾಡಿಟ್ಟ ಸೂಪು ಬಿಸಿಯಾಗಿ ತಟ್ಟೆಯಲ್ಲಿರುವುದಕ್ಕೂ ವಾಲ್ಟರ್ ಕುರ್ಚಿ ಎಳೆಯುವುದಕ್ಕೂ ಸರಿಹೋಗಬೇಕಿತ್ತು. ನಾನೂ ರೋಸ್ವಿಟಾಳೂ ಗೆಳತಿಯರೇನಲ್ಲ. ನಮ್ಮಲ್ಲಿ ಮರ್ಯಾದೆಗೆ ಹೆಂಗಸರನ್ನು ಫ್ರಾವ್ ಎನ್ನುತ್ತೇವೆ, ಗಂಡಸರನ್ನು ಹೆರ್. ಅವಳಿಗೆ ನಾನು ಫ್ರಾವ್ ಶ್ವೆಂಕ್, ನನಗೆ ಅವಳು ಫ್ರಾವ್ ಐಸೆಲೆ. ಒಂದೇ ಅಟ್ಟದ ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು, ಒಂದೇ ಮೆಟ್ಟಿಲನ್ನು ಒರೆಸುತ್ತಿದ್ದೆವು. ಅಷ್ಟು ವರ್ಷ ಒಬ್ಬರ ಒಳಬಟ್ಟೆಯ ತೇಪೆ ಇನ್ನೊಬ್ಬರಿಗೆ ಗೊತ್ತಿದ್ದರೂ ಮಾತು ‘ನೀವು’ ದಾಟಿರಲಿಲ್ಲ. ನಮ್ಮ ಕಡೆ ಹಾಗೆಯೇ.

ನಮ್ಮದು ನಾಲ್ಕು ಅಂತಸ್ತು, ಎಂಟು ಸಂಸಾರ. ಗುಡಿಸುವ ವಾರದ ಹಲಗೆ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಸಾಗುತ್ತಿತ್ತು. ಯಾರ ಬಾಗಿಲ ಹಿಡಿಯಲ್ಲಿ ಅದು ನೇತಾಡುತ್ತದೋ ಆ ವಾರ ಮೆಟ್ಟಿಲು, ನೆಲಮಾಳಿಗೆಯ ದಾರಿ, ಮುಂದಿನ ಕಾಲುದಾರಿ ಎಲ್ಲವೂ ಅವರದು. ‘ಅವರದು’ ಎಂದರೆ ಆ ಮನೆಯ ಹೆಂಗಸಿನದು. ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಗಂಡಸಿನ ಹೆಸರು, ಅದರ ಕೆಳಗೆ ನೇತಾಡುವ ಹಲಗೆ ಹೆಂಗಸಿಗೆ. ಶನಿವಾರ ಸಂಜೆಯೊಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಸಿ, ಹಲಗೆಯನ್ನು ಪಕ್ಕದ ಬಾಗಿಲಿಗೆ ಹಾಕಬೇಕು. ಕೆಳಮನೆಯ ಫ್ರಾವ್ ಮಾಯ್ಲೆ, ಮನೆಯ ಒಡತಿ, ವಿಧವೆ, ಇದರ ಮೇಲೆ ಇನ್ನೊಂದು ವ್ಯವಸ್ಥೆ ಮಾಡಿದ್ದಳು. ನೆಲಮಾಳಿಗೆಯ ಬಾಗಿಲ ಪಕ್ಕ ಮೊಳೆಗೆ ಒಂದು ನೋಟುಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ಸಿಲು. ನಾವು ಅದನ್ನು ಮೆಟ್ಟಿಲ ಪುಸ್ತಕ ಎನ್ನುತ್ತಿದ್ದೆವು. ಒರೆಸಿದ ಮೇಲೆ ಯಾರಾದರೂ ಕೊಳೆ ಮಾಡಿದರೆ ಅದರಲ್ಲಿ ಬರೆಯಬೇಕು: ಯಾವ ದಿನ, ಯಾವ ಹೊತ್ತು, ಯಾರ ಮನೆಯವರು, ಎಂಥ ಕೊಳೆ. ಬಾಯಿ ಮಾತಿನ ಜಗಳ ಬೇಡ, ಬರೆದದ್ದಿರಲಿ ಎಂಬುದು ಅವಳ ನ್ಯಾಯ. ಎಂಟು ಮನೆಯ ಹೆಂಗಸರ ಅಕ್ಷರ ಅದರಲ್ಲಿತ್ತು. ಒಬ್ಬ ಗಂಡಸಿನದೂ ಇರಲಿಲ್ಲ.

ರೋಸ್ವಿಟಾಳ ಮಗಳು ಆಂಕೆಗೆ ಆಗ ಎಂಟು ವರ್ಷ. ಶಾಲೆ ಹನ್ನೊಂದೂವರೆಗೆ ಬಿಡುತ್ತಿತ್ತು, ಅಮ್ಮ ಬರುವುದು ಒಂದೂವರೆಗೆ. ಆ ಎರಡು ಗಂಟೆ ಮಗು ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡುತ್ತಿತ್ತು. ಬೀಗದ ಕೈ ಕೊರಳಲ್ಲೇ ಇತ್ತು, ಆದರೆ ಒಬ್ಬಳೇ ಒಳಗಿರಲು ಅದಕ್ಕೆ ಹೆದರಿಕೆ. ಕೆಲವು ದಿನ ನಾನು ಕರೆದು ಸೂಪು ಕೊಡುತ್ತಿದ್ದೆ. ಎದುರಿಗೆ ಪರರ ಮಗು ಕೂತಿದ್ದರೆ ವಾಲ್ಟರಿಗೆ ಊಟ ಇಳಿಯುತ್ತಿರಲಿಲ್ಲ. ಹಾಗಾಗಿ ಕೆಲವು ದಿನ ಕರೆಯುತ್ತಿರಲಿಲ್ಲ. ಮಗು ಎರಡಕ್ಕೂ ಒಗ್ಗಿಕೊಂಡಿತ್ತು.

ಎಪ್ಪತ್ತನಾಲ್ಕರ ಅಕ್ಟೋಬರಿನಲ್ಲಿ ಊರಿನ ಸಭಾಂಗಣದಲ್ಲಿ, ಹಗಲು ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಮನೆಯ ಬಗ್ಗೆ ಸಭೆ ಕರೆದರು. ಇದ್ದ ಒಂದು ಮಕ್ಕಳ ಮನೆಯೂ ಮಧ್ಯಾಹ್ನದ ಮೊದಲೇ ಬಾಗಿಲು ಹಾಕುತ್ತಿತ್ತು. ಅದನ್ನು ಸಂಜೆಯವರೆಗೆ ತೆರೆದಿಡಬೇಕೇ, ಶಾಲೆ ಮಕ್ಕಳಿಗೂ ಅಲ್ಲೇ ಊಟ ಕೊಡಬೇಕೇ ಎಂಬುದು ಪ್ರಶ್ನೆ. ಮೇಯರು ಮಾತಾಡಿದರು, ಪಾದ್ರಿಗಳು ಮಾತಾಡಿದರು, ತಾಯಿಯ ಕೈಯೂಟದ ಮಹತ್ವದ ಬಗ್ಗೆ ವೈದ್ಯರು ಮಾತಾಡಿದರು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಹಿಂದಿನ ಸಾಲಿನಲ್ಲಿ ರೋಸ್ವಿಟಾ ಎದ್ದು ನಿಂತಳು. ಕೆಲಸದಿಂದ ನೇರವಾಗಿ ಬಂದಿದ್ದಳು. ಮೈಮೇಲೆ ಅಂಚೆಯ ನೀಲಿ ಕೋಟು.

“ನಾನು ಮೇಲಿನ ಕೇರಿಗೆ ಟಪಾಲು ಹಾಕೋಳು,” ಅಂದಳು. “ಹನ್ನೆರಡು ಗಂಟೆಗೆ ಯಾವ್ಯಾವ ಮನೆ ಮೆಟ್ಟಿಲ ಮೇಲೆ ಮಕ್ಕಳು ಕೂತಿರ್ತಾರೆ ಅಂತ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು. ಹದಿನಾಲ್ಕು ಮನೆ. ಆ ತಾಯಂದಿರು ಶೋಕಿಗೆ ಹೊರಗೆ ಹೋಗಿಲ್ಲ. ನಿಮ್ಮ ಕಾರ್ಖಾನೇಲಿ, ನಿಮ್ಮ ಆಸ್ಪತ್ರೇಲಿ, ನಿಮ್ಮ ಕಚೇರೀಲಿ ಇದ್ದಾರೆ. ಸೇತುವೆ ಅಗಲ ಮಾಡೋಕೆ ಆಗುತ್ತೆ ಅಂದ್ರೆ, ಹದಿನಾಲ್ಕು ಮಕ್ಕಳಿಗೆ ಒಂದು ತಟ್ಟೆ ಸೂಪು ಹಾಕೋಕೂ ಆಗಬೇಕು.”

ಅಷ್ಟೇ. ಕೂತುಬಿಟ್ಟಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎಷ್ಟು ಜೋರಾಗಿ ಎಂದರೆ ತೊಡೆಯ ಮೇಲಿದ್ದ ಕೈಚೀಲ ಕೆಳಗೆ ಬಿದ್ದು ಚಿಲ್ಲರೆಯೆಲ್ಲ ಚೆಲ್ಲಿತು. ನಮ್ಮ ಕಚೇರಿಯ ಮೇಲಧಿಕಾರಿ ಹೆರ್ ಗ್ರೋಸ್ ಬಗ್ಗಿ ಎರಡು ನಾಣ್ಯ ಎತ್ತಿ ಕೊಟ್ಟರು.

ಅವಳ ಮಾತನ್ನು ಯಾವ ದೊಡ್ಡ ಪಕ್ಷವೂ ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡದ್ದು ಕಮ್ಯುನಿಸ್ಟರ ಸಣ್ಣ ಪಕ್ಷ. ಅವಳ ಗಂಡ ಎರ್ನ್ಸ್ಟ್ ಅದರ ಸದಸ್ಯ. ಅವನು ಖಾಸಗಿ ಕಾರ್ಖಾನೆಯಲ್ಲಿ ಲೇತ್ ನಡೆಸುವವನು. ಅವನ ಪಕ್ಷ ಯಾವುದೆಂದು ಅವನ ಯಜಮಾನ ಕೇಳುತ್ತಿರಲಿಲ್ಲ. ಲೋಹ ಸರಿಯಾಗಿ ಕಡಿದರೆ ಸಾಕಿತ್ತು. ಗುರುವಾರ ಸಂಜೆ ಅವರ ಅಡುಗೆಮನೆಯಲ್ಲಿ ಗಂಡಸರು ಸೇರಿ ದುಡಿಯುವವರ ವಿಮೋಚನೆಯ ಬಗ್ಗೆ ಮಾತಾಡುತ್ತಿದ್ದರು. ನಡುನಡುವೆ ಕಾಫಿ ಕೇಳುತ್ತಿದ್ದರು. ಊರಿನ ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಗಳ ಪಟ್ಟಿಗೆ ಒಬ್ಬ ಹೆಂಗಸಿನ ಹೆಸರು ಬೇಕಾಯಿತು. ಕೇಳಿದರು. ಅವಳು ಎರಡು ವಾರ ಸಮಯ ತೆಗೆದುಕೊಂಡು ಒಪ್ಪಿದಳು. ಒಂಬತ್ತನೆಯ ಹೆಸರು.

ಅಟ್ಟದಲ್ಲಿ ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು ಇಬ್ಬರೂ ಮಡಚುತ್ತಿದ್ದಾಗ ನಾನು ಮೆಲ್ಲನೆ ಕೇಳಿದೆ, ಕೆಲಸಕ್ಕೆ ತೊಂದರೆ ಆಗುವುದಿಲ್ಲವೇ ಎಂದು. ಸರ್ಕಾರಿ ಕೆಲಸದಲ್ಲಿರುವವರು ಎಲ್ಲ ಕಾಲದಲ್ಲೂ ಸಂವಿಧಾನದ ಪರ ಇದ್ದಾರೆಯೇ ಎಂದು ಪರಿಶೀಲಿಸಬೇಕೆಂಬ ಆದೇಶ ಬಂದು ಆಗಲೇ ಮೂರು ವರ್ಷ. ಶಿಕ್ಷಕರು ಕೆಲಸ ಕಳೆದುಕೊಂಡ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು.

“ನಾನು ಯಾರ ಪಕ್ಷ ಅಂತ ನೋಡ್ಲಿಲ್ಲ, ಫ್ರಾವ್ ಶ್ವೆಂಕ್. ಮಧ್ಯಾಹ್ನದ ಮಾತು ಯಾರು ಅಚ್ಚು ಹಾಕ್ತಾರೆ ಅಂತ ನೋಡ್ದೆ,” ಅಂದಳು. “ಮತ್ತೆ ನಿಷೇಧ ಆದ ಪಕ್ಷ ಏನಲ್ಲ. ಮತಚೀಟೀಲಿ ಹೆಸರಿದೆ. ಚೀಟಿ ಅಚ್ಚು ಮಾಡೋದು ಪುರಸಭೆಯೇ.”

ನಮ್ಮಲ್ಲಿ ಊರಿನ ಚುನಾವಣೆಯ ಮತಚೀಟಿ ಮುಂಚೆಯೇ ಅಂಚೆಯಲ್ಲಿ ಮನೆಗೆ ಬರುತ್ತದೆ. ಕೂತು ಓದಿ ಗುರುತು ಹಾಕಿ ಒಯ್ಯಬಹುದು. ಹಾಗಾಗಿ ಏಪ್ರಿಲಿನಲ್ಲಿ ತನ್ನ ಹೆಸರಿದ್ದ ಚೀಟಿಯನ್ನು ಅವಳೇ ಮೇಲಿನ ಕೇರಿಯ ಮನೆಮನೆಗೂ ಹಂಚಿದಳು, ಲಕೋಟೆ ಮಡಿಕೆಯಾಗದ ಹಾಗೆ. ಒಬ್ಬ ಅಭ್ಯರ್ಥಿಗೆ ಮೂರು ಮತದವರೆಗೆ ಹಾಕಬಹುದು. ವಾಲ್ಟರ್ ಫುಟ್‌ಬಾಲ್ ನೋಡಲು ಹೋದ ಭಾನುವಾರ ನಾನು ಅಡುಗೆಮನೆಯ ಮೇಜಿನ ಮೇಲೆ ಚೀಟಿ ಬಿಡಿಸಿ ಅವಳಿಗೆ ಮೂರೂ ಹಾಕಿದೆ. ಯಾರಿಗೂ ಹೇಳಲಿಲ್ಲ. ಅವಳು ಗೆಲ್ಲಲಿಲ್ಲ, ಅವರ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಆದರೆ ಅವರ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಮತ ಒಂಬತ್ತನೆಯ ಹೆಸರಿಗೆ ಬಿದ್ದಿತ್ತು. ಎರ್ನ್ಸ್ಟ್‌ನ ಗೆಳೆಯರು ಒಂದೆರಡು ಗುರುವಾರ ಅದನ್ನು ಹೇಳಿ ತಮಾಷೆ ಮಾಡಿದರು, ಆಮೇಲೆ ಮರೆತರು.

ಇದರ ನಡುವೆ ನಾನು ಒಂದು ಕೆಲಸ ಮಾಡಿದ್ದೆ. ಆಗ ಅದು ನನಗೆ ಕೆಲಸ ಎಂದೂ ಅನಿಸಿರಲಿಲ್ಲ.

ಫೆಬ್ರವರಿಯಲ್ಲಿ ಹಲಗೆ ನನ್ನ ಬಾಗಿಲಲ್ಲಿತ್ತು. ಹಿಮ ಕರಗಿ ರಸ್ತೆಯೆಲ್ಲ ರಾಡಿಯಾಗಿದ್ದ ಕಾಲ. ಗುರುವಾರ ಸಂಜೆ, ಕಚೇರಿ, ಊಟ, ಇಸ್ತ್ರಿ ಎಲ್ಲ ಮುಗಿಸಿ ನಾಲ್ಕೂ ಅಂತಸ್ತು ಒರೆಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಎರ್ನ್ಸ್ಟ್‌ನ ಗೆಳೆಯರು ಹತ್ತಿ ಹೋದರು. ಕಾಲೊರಸು ಇದ್ದದ್ದು ಅವರಿಗೆ ಕಾಣಲೇ ಇಲ್ಲ. ಹೊಟ್ಟೆ ಉರಿದು ಹೋಯಿತು. ಕೆಳಗಿಳಿದು ಪುಸ್ತಕ ತೆಗೆದು ಬರೆದೆ: ‘ಗುರುವಾರ, ಫೆಬ್ರವರಿ 13. ಸಂಜೆ ಏಳೂಕಾಲು. ಐಸೆಲೆ ಮನೆಗೆ ಏಳು ಜೋಡಿ ಗಂಡಸರ ಬೂಟು, ಒರೆಸದೆ. ಕೆಳಗಿನಿಂದ ಮೂರನೇ ಮಹಡಿವರೆಗೆ ಕೆಸರು. ಒಂಬತ್ತೂವರೆಗೆ ಇಳಿದಾಗ ಮತ್ತೊಮ್ಮೆ. ಶ್ವೆಂಕ್.’ ಮಾರ್ಚಿನಲ್ಲಿ ಇನ್ನೆರಡು ಸಲ ಬರೆದೆ. ಬೇರೆಯವರೂ ಬರೆದರು. ನಾವು ಬರೆದದ್ದು ಕೆಸರಿನ ಬಗ್ಗೆ.

ಜೂನಿನಲ್ಲಿ ಫ್ರಾವ್ ಮಾಯ್ಲೆ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ ಸಂಭ್ರಮದಿಂದ ಹೇಳಿದಳು. ಸರ್ಕಾರದ ಕಡೆಯ ಒಬ್ಬರು ಬಂದಿದ್ದರಂತೆ, ಮನೆಯಲ್ಲಿ ಯಾರು ಯಾರಿದ್ದಾರೆ, ಹೇಗಿದ್ದಾರೆ ಎಂದು ಸುಮ್ಮನೆ ವಿಚಾರಿಸಿದರಂತೆ. “ಮೂರು ಸಲ ಕಾಲು ಒರೆಸಿದ್ರು, ಫ್ರಾವ್ ಶ್ವೆಂಕ್. ಒಳಗೆ ಬಂದ್ಮೇಲೂ ನೆಲ ನೋಡ್ಕೊಂಡ್ರು, ಗುರುತು ಬಿತ್ತಾ ಅಂತ. ಇಂಥ ಗಂಡಸರು ಇನ್ನೂ ಇದ್ದಾರೆ ನೋಡಿ.” ಅವಳು ಕಾಫಿ ಮಾಡಿ, ಹೆಣೆದ ಸಿಹಿ ಬ್ರೆಡ್ಡು ಕೊಯ್ದು ಕೊಟ್ಟಳಂತೆ. ಮೆಟ್ಟಿಲ ಪುಸ್ತಕ ತೋರಿಸಿದಳಂತೆ. ಇಷ್ಟು ಅಚ್ಚುಕಟ್ಟಾದ ಪುಸ್ತಕ ಯಾವ ಮನೆಯಲ್ಲೂ ನೋಡಿಲ್ಲ ಎಂದು ಅವರು ನಾಲ್ಕು ದಿನದ ಮಟ್ಟಿಗೆ ಕೇಳಿ ಒಯ್ದು, ಕಂದು ಕಾಗದದಲ್ಲಿ ಸುತ್ತಿ ವಾಪಸು ತಂದುಕೊಟ್ಟರಂತೆ. ಇಪ್ಪತ್ತು ವರ್ಷ ಆ ಪುಸ್ತಕವನ್ನು ಮೆಚ್ಚಿದವರು ಒಬ್ಬರೂ ಇರಲಿಲ್ಲ, ಪಾಪ. ಅವಳಲ್ಲಿ ಕೇಡು ಇತ್ತು ಎಂದು ನಾನು ಹೇಳಲಾರೆ. ನನಗೆ ಅಲ್ಲೇ ಹೊಳೆಯಬೇಕಿತ್ತು. ಒಲೆಯ ಮೇಲೆ ಆಲೂಗಡ್ಡೆ ಇತ್ತು, ಹೋದೆ.

ಅಕ್ಟೋಬರಿನಲ್ಲಿ ರೋಸ್ವಿಟಾಳ ಕೆಲಸ ಕಾಯಂ ಆಗಬೇಕಿತ್ತು. ಕಾಯಂ ಎಂದರೆ ಸಾಯುವವರೆಗೆ ಭದ್ರ, ಪಿಂಚಣಿ ಸಮೇತ. ಎರ್ನ್ಸ್ಟ್‌ನ ಕಾರ್ಖಾನೆ ಕೂಲಿಯಾಳುಗಳನ್ನು ಎರಡು ಸಲ ತಿಂಗಳುಗಟ್ಟಲೆ ಮನೆಗೆ ಕಳಿಸಿತ್ತು. ಆ ಸಂಸಾರ ನಿಂತಿದ್ದದ್ದು ಇವಳ ಸೈಕಲ್ಲಿನ ಮೇಲೆ. ಕಾಯಂ ಪತ್ರದ ಬದಲು ಸೆಪ್ಟೆಂಬರಿನಲ್ಲಿ ಒಂದು ರಿಜಿಸ್ಟರ್ ಪತ್ರ ಬಂತು. ಅದು ಅವಳದೇ ದಾರಿಯ ಟಪಾಲು. ಬೆಳಗ್ಗೆ ಅವಳೇ ವಿಂಗಡಿಸಿದಳು, ಅವಳೇ ರಸೀತಿಗೆ ಸಹಿ ಹಾಕಿದಳು. ಆದರೂ ದಾರಿಯ ನಡುವೆ ಒಡೆಯಲಿಲ್ಲವಂತೆ. ನಮ್ಮ ಮನೆಯ ಸರದಿ ಬಂದಾಗ ನಮ್ಮೆಲ್ಲರ ಕಾಗದ ಪೆಟ್ಟಿಗೆಗೆ ಹಾಕಿ, ಕೊನೆಗೆ ಅದನ್ನು ಐಸೆಲೆ ಪೆಟ್ಟಿಗೆಗೆ ಹಾಕಿ, ಉಳಿದ ಕೇರಿ ಮುಗಿಸಿ, ಒಂದೂವರೆಗೆ ಮನೆಗೆ ಬಂದು ಪೆಟ್ಟಿಗೆ ತೆಗೆದಳು. ಅವಳು ರಾಜ್ಯದ ಪರ ನಿಲ್ಲುವಳೇ ಎಂಬುದರಲ್ಲಿ ಸಂದೇಹವಿದೆ, ನವೆಂಬರಿನಲ್ಲಿ ವಿಚಾರಣೆ ಎಂದಿತ್ತು. ಸಮವಸ್ತ್ರದಲ್ಲಿ ಸಭೆಯಲ್ಲಿ ಮಾತಾಡಿದ್ದು, ಪಟ್ಟಿಯಲ್ಲಿ ಹೆಸರು ಕೊಟ್ಟದ್ದು, ಮನೆಯಲ್ಲಿ ಗುರುವಾರದ ಕೂಟ ನಡೆಸಿದ್ದು. ಕೂಟಗಳ ತಾರೀಖು, ಹೊತ್ತು, ಜನರ ಸಂಖ್ಯೆ ಎಲ್ಲ ಅದರಲ್ಲಿತ್ತು.

ಊರಿನ ವಕೀಲರು ಒಂದು ದಾರಿ ಹೇಳಿದರು. ಅವರಿಗೆ ಅದು ಬಹಳ ಸುಲಭವಾಗಿ ಕಂಡಿತು. ಪಕ್ಷ ಗಂಡನದು, ಗೆಳೆಯರು ಗಂಡನವರು, ಹೆಸರು ಕೊಡಿಸಿದ್ದು ಗಂಡ. ಇವಳು ಬರೀ ಕಾಫಿ ಮಾಡಿಕೊಟ್ಟ ಹೆಂಡತಿ. ಅಷ್ಟು ಹೇಳಿದರೆ ಅಧಿಕಾರಿಗಳು ನಕ್ಕು ಬಿಟ್ಟುಬಿಡುತ್ತಾರೆ, ಅವರ ಮನೆಯಲ್ಲೂ ಹೆಂಡತಿಯರಿದ್ದಾರೆ. ಎರ್ನ್ಸ್ಟ್ ಕೂಡ ಅದೇ ಸರಿ ಎಂದ. ನೆತ್ತಿಯ ಮೇಲಿನ ಮಾತು ನಮ್ಮ ಅಡುಗೆಮನೆಗೆ ಇಳಿಯುತ್ತಿತ್ತು. ತಾನು ಬಲವಂತ ಮಾಡಿದೆ ಎಂದು ಹೇಳು, ಅದು ಪೂರ್ತಿ ಸುಳ್ಳೂ ಅಲ್ಲ, ಅರ್ಧ ನಿಜ ಎಂದು ಅವನು ವಾದಿಸುತ್ತಿದ್ದ. ಯಾವ ಅರ್ಧ ಎಂದು ಅವಳು ಕೇಳಿದಳು.

ಒಂದು ಸಂಜೆ ಅವಳು ನಮ್ಮ ಬಾಗಿಲು ತಟ್ಟಿದಳು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

“ಪುಸ್ತಕದ ವಿಷಯಕ್ಕೆ ನಿಮ್ಮನ್ನ ಸಾಕ್ಷಿಗೆ ಕರೀತಾರಂತೆ. ಬೂಟಿನ ಬಗ್ಗೆ ಏನು ಬರೆದಿದ್ದೀರೋ ಅದನ್ನ ಹೇಳಿ, ತಪ್ಪಿಲ್ಲ. ಅವರು ಒರೆಸ್ದೇ ಬಂದಿದ್ದು ನಿಜ,” ಅಂದಳು. “ಒಂದೇ ಒಂದು ಮಾತು ಕೇಳ್ತೀನಿ. ಆವತ್ತು ಸಭೇಲಿ ನೀವೂ ಚಪ್ಪಾಳೆ ತಟ್ಟಿದ್ರಿ. ನಾನು ಆಡಿದ್ದು ಪಕ್ಷದ ಮಾತಲ್ಲ, ಊರಿನ ಹೆಂಗಸರ ಮಾತು ಅಂತ ಯಾರಾದ್ರೂ ಹೇಳಬೇಕು. ಗಂಡಸರು ಹೇಳಿದ್ರೆ ನಡೆಯಲ್ಲ.”

ನೋಡ್ತೀನಿ ಎಂದೆ. ಅವಳು ತಲೆಯಾಡಿಸಿ ಹತ್ತಿ ಹೋದಳು. ವಾಲ್ಟರ್ ಪತ್ರಿಕೆ ಇಳಿಸದೆಯೇ ಹೇಳಿದ: “ಒಂದು ಮೆಟ್ಟಿಲಿಗೆ ಒಬ್ಬಳು ಹುಚ್ಚಿ ಸಾಕು.” ಮರುವಾರ ಹೆರ್ ಗ್ರೋಸ್ ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ಹದಿಮೂರು ವರ್ಷದಲ್ಲಿ ಮೊದಲ ಸಲ ಕೂರಿಸಿದ್ದು. ಸಾಕ್ಷಿ ಹೇಳುವುದು ಕರ್ತವ್ಯ, ಪುಸ್ತಕದಲ್ಲಿ ಇದ್ದದ್ದಷ್ಟೇ ಹೇಳಿದರೆ ಸಾಕು, ನಿಮ್ಮ ಕೆಲಸ ನಮಗೆಲ್ಲ ತೃಪ್ತಿ ತಂದಿದೆ ಎಂದರು. ಬೆದರಿಸಲಿಲ್ಲ. ಬಾಗಿಲು ತಾವೇ ತೆಗೆದರು.

ವಿಚಾರಣೆಯ ದಿನ ಕಾರಿಡಾರಿನ ನೆಲಕ್ಕೆ ಮೇಣ ಹಾಕಿ ಉಜ್ಜಿದ್ದರು. ಯಾರೋ ಹೆಂಗಸು ಬೆಳಗಾಗುವ ಮೊದಲೇ ಮೊಣಕಾಲೂರಿ ಮಾಡಿದ ಕೆಲಸ. ಒಳಗೆ ಮೂವರು ಅಧಿಕಾರಿಗಳು, ಮೂಲೆಯಲ್ಲಿ ಟೈಪು ಮಾಡುವ ಹುಡುಗಿ, ಒಂದು ಬದಿಗೆ ವಕೀಲರ ಜೊತೆ ರೋಸ್ವಿಟಾ. ಭಾನುವಾರದ ಬೂದು ಕೋಟು ಹಾಕಿದ್ದಳು. ಮಧ್ಯದಲ್ಲಿದ್ದ ಅಧ್ಯಕ್ಷರು ಕನ್ನಡಕ ಏರಿಸಿ ನನ್ನ ಬರಹ ಓದಿದರು. ಏಳು ಜೋಡಿ ಗಂಡಸರ ಬೂಟು. ಒರೆಸದೆ. ನನ್ನ ಸಿಟ್ಟಿನ ಪ್ರತಿ ಅಕ್ಷರವೂ ಅಲ್ಲಿ ಸರ್ಕಾರಿ ದಾಖಲೆಯಾಗಿ ಕೇಳಿಸಿತು. ಇದು ನಿಮ್ಮ ಕೈಬರಹವೇ ಎಂದರು. ಹೌದು ಎಂದೆ. ಆ ಕೂಟಗಳಲ್ಲಿ ಐಸೆಲೆಯವರ ಪಾತ್ರ ಏನು, ನಿಮಗೆ ಏನಾದರೂ ಗೊತ್ತೇ ಎಂದರು.

ನಾನು ಕಾರಿಡಾರಿನಲ್ಲಿ ಕೂತಾಗಲೇ ತೀರ್ಮಾನ ಮಾಡಿದ್ದೆ. ವಕೀಲರ ದಾರಿಯಿಂದ ಅವಳ ಕೆಲಸ ಉಳಿಯುತ್ತದೆ, ನನ್ನದೂ ಉಳಿಯುತ್ತದೆ. ಅವಳು ಹೇಳದಿದ್ದರೆ ನಾನೇ ಹೇಳಿಬಿಡುತ್ತೇನೆ.

“ಅವರು ಕಾಫಿ ಮಾಡಿ ಕೊಡ್ತಿದ್ರು, ಸ್ವಾಮಿ. ಅಷ್ಟೇ. ನಾನು ಒಂದೆರಡು ಸಲ ಮೊಟ್ಟೆ ಕೇಳೋಕೆ ಹೋದಾಗ ನೋಡಿದ್ದೀನಿ. ಮಾತಾಡ್ತಿದ್ದದ್ದು ಗಂಡಸರು,” ಎಂದೆ.

ಅಧ್ಯಕ್ಷರ ಮುಖ ಸಡಿಲವಾಯಿತು. ವಕೀಲರು ನನ್ನತ್ತ ನೋಡಿ ಕಣ್ಣಲ್ಲೇ ಭೇಷ್ ಎಂದರು. ಕಾಫಿ ಎಂದ ಕೂಡಲೇ ನೆನಪಾಯಿತೋ ಏನೋ, ಅಧ್ಯಕ್ಷರು ಮೂಲೆಯ ಹುಡುಗಿಗೆ ಮೂರು ಕಾಫಿ ತರಲು ಹೇಳಿದರು. ಹುಡುಗಿ ಎದ್ದು ಹೋದಳು. ಆಗ ರೋಸ್ವಿಟಾ ಎದ್ದು ನಿಂತಳು.

“ಏಳಲ್ಲ, ಎಂಟು ಜೋಡಿ,” ಅಂದಳು. “ನಾನೂ ಅಲ್ಲೇ ಕೂತಿದ್ದೆ. ಕಾಫಿ ಮಾಡಿದ್ದು ನಿಜ, ಅದು ದಿನಾ ಮಾಡ್ತೀನಿ. ಮಕ್ಕಳ ಮನೆ ಮಾತು ನನ್ನದು. ಗಂಡ ಹೇಳಿಕೊಟ್ಟಿದ್ದಲ್ಲ. ಅವನಿಗೆ ಮಗಳ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತೆ ಅಂತಾನೇ ಗೊತ್ತಿಲ್ಲ.”

ವಕೀಲರು ಅವಳ ತೋಳು ಹಿಡಿದರು. ಅಧ್ಯಕ್ಷರು ಕೈಯೆತ್ತಿದರು. ಕೆಟ್ಟ ಮನುಷ್ಯನಲ್ಲ ಅವರು. ಹುಡುಗಿ ಇಲ್ಲ, ಇದು ಯಾವುದೂ ದಾಖಲಾಗಿಲ್ಲ ಎಂದು ನಿಧಾನವಾಗಿ ಹೇಳಿದರು. ಅವಳು ಬರಲಿ, ಅಷ್ಟರೊಳಗೆ ಕೂತು ಯೋಚನೆ ಮಾಡಿ. ಮತ್ತೆ ಹೇಳುವುದಿದ್ದರೆ ಹೇಳಿ, ಇಲ್ಲದಿದ್ದರೆ ಬೇಡ.

ನಾವು ಐದು ನಿಮಿಷ ಕಾದೆವು. ಅಷ್ಟು ಉದ್ದದ ಐದು ನಿಮಿಷವನ್ನು ನಾನು ಬೇರೆಲ್ಲೂ ಕಂಡಿಲ್ಲ. ರೋಸ್ವಿಟಾ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು. ಚಳಿಗಾಲದಲ್ಲಿ ಕಾಗದ ಹಿಡಿದು ಹಿಡಿದು ಬೆರಳ ತುದಿ ಒಡೆದಿತ್ತು. ನನ್ನ ಕಡೆ ಒಂದು ಸಲ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಹುಡುಗಿ ತಟ್ಟೆ ಹಿಡಿದು ಬಂದು, ಮೂರು ಲೋಟ ಇಳಿಸಿ, ಸಕ್ಕರೆ ಸರಿಸಿ, ತನ್ನ ಜಾಗಕ್ಕೆ ಹೋಗಿ ಕೂತಳು. ರೋಸ್ವಿಟಾ ಮತ್ತೆ ಎದ್ದಳು. ಅವೇ ಮಾತುಗಳನ್ನು, ಅದೇ ಕ್ರಮದಲ್ಲಿ, ಟೈಪಿಗೆ ಸಿಗುವಷ್ಟು ನಿಧಾನವಾಗಿ ಹೇಳಿದಳು. ಮಗಳ ಶಾಲೆಯ ಮಾತನ್ನು ಮಾತ್ರ ಬಿಟ್ಟಳು. ಗಂಡನ ಮಾನವನ್ನು ಸರ್ಕಾರಿ ಕಾಗದದಲ್ಲಿ ಕಳೆಯುವುದು ಬೇಡ ಅನಿಸಿರಬೇಕು.

ಅಧ್ಯಕ್ಷರು ನನ್ನತ್ತ ತಿರುಗಿದರು. ಮಕ್ಕಳ ಮನೆಯ ಆ ಸಭೆಗೆ ನೀವೂ ಹೋಗಿದ್ದಿರಿ ಅಲ್ಲವೇ ಎಂದರು. ಹೋಗಿದ್ದೆ ಎಂದೆ.

“ಐಸೆಲೆಯವರ ಅಭಿಪ್ರಾಯಕ್ಕೆ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು ಅಂತ ವರದಿ ಇದೆ. ನೀವು?”

ಟೈಪು ನಿಂತಿತ್ತು. ಹುಡುಗಿಯ ಬೆರಳು ನನ್ನ ಮಾತಿಗೆ ಕಾದಿದ್ದವು. ಎಷ್ಟೋ ವರ್ಷ ಬೇರೆಯವರ ಮಾತಿಗೆ ನಾನೂ ಹಾಗೆಯೇ ಕಾದಿದ್ದೇನೆ.

“ನೆನಪಿಲ್ಲ,” ಎಂದೆ.

ಜನವರಿಯಲ್ಲಿ ಆದೇಶ ಬಂತು. ಅಂಚೆ ಕೆಲಸದಿಂದ ಬಿಡುಗಡೆ. ಸಮವಸ್ತ್ರ, ಟೋಪಿ, ಚೀಲ, ಮಳೆಯಂಗಿ ಎಲ್ಲವನ್ನೂ ಒಗೆದು ಇಸ್ತ್ರಿ ಮಾಡಿ ಹತ್ತು ದಿನದೊಳಗೆ ಒಪ್ಪಿಸಬೇಕು. ಒಂದು ಸಂಜೆ ನಾನು ಮೇಲೆ ಹೋದೆ. ಅಡುಗೆಮನೆಯಲ್ಲಿ ಎರ್ನ್ಸ್ಟ್ ಮತ್ತು ಗೆಳೆಯರು ಅವಳ ಪರವಾಗಿ ಕರಪತ್ರ ಬರೆಯುತ್ತಿದ್ದರು. ಹೋರಾಟಗಾರ್ತಿ ಎಂದು ಬರೆಯುವುದೋ ಸಂಗಾತಿ ಎಂದು ಬರೆಯುವುದೋ ಎಂದು ಚರ್ಚೆ ನಡೆದಿತ್ತು. ಒಬ್ಬ ನನ್ನನ್ನು ನೋಡಿ, ಈ ಸಲ ಕಾಲು ಒರೆಸಿಯೇ ಬಂದಿದ್ದೇವೆ, ಬರೆದುಕೊಳ್ಳಿ ಎಂದ. ಉಳಿದವರು ನಕ್ಕರು. ರೋಸ್ವಿಟಾ ಮಲಗುವ ಕೋಣೆಯಲ್ಲಿ ನೀಲಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಒದ್ದೆ ಬಟ್ಟೆಯ ಮೇಲಿಂದ ಪೆಟ್ಟಿಗೆ ಹಾಯಿಸಿ, ಕಾಲರಿನ ಒಳಮಡಿಕೆ, ಜೇಬಿನ ಮುಚ್ಚಿಗೆ, ಯಾರೂ ನೋಡದ ಜಾಗಗಳನ್ನೂ ಬಿಡದೆ ಮಾಡುತ್ತಿದ್ದಳು. ನಾನು ಮಳೆಯಂಗಿಯ ಗುಂಡಿ ಹಾಕಿ ಮಡಚತೊಡಗಿದೆ. ಬೇಡ ಎನ್ನಲಿಲ್ಲ.

ಏನು ಹೇಳಬೇಕೆಂದು ತಿಳಿಯದೆ ನಾನು, ಆ ಚುನಾವಣೆಯಲ್ಲಿ ನಿಮಗೆ ಮೂರೂ ಮತ ಹಾಕಿದ್ದೆ ಎಂದುಬಿಟ್ಟೆ.

ಅವಳು ಪೆಟ್ಟಿಗೆ ನಿಲ್ಲಿಸಲಿಲ್ಲ. “ಹೌದಾ. ಗೊತ್ತಿರ್ಲಿಲ್ಲ,” ಅಂದಳು. ತೋಳು ತಿರುಗಿಸಿ ಹಾಸಿ ಇನ್ನೊಂದು ಬದಿಗೆ ಶುರು ಮಾಡಿದ ಮೇಲೆ, “ಯಾರಿಗೂ ಗೊತ್ತಾಗೋ ಹಾಗಿಲ್ಲ ಅಲ್ವಾ ಅದು,” ಅಂದಳು.

ಕರಪತ್ರ ಬಂತು, ಎರಡು ವಾರ ಗೋಡೆಗಳ ಮೇಲಿತ್ತು. ಎರ್ನ್ಸ್ಟ್‌ನನ್ನು ಕಾರ್ಖಾನೆಯ ಕಾರ್ಮಿಕರ ಸಮಿತಿಗೆ ಆರಿಸಿದರು. ಹೆಂಡತಿಯ ಕಥೆಯನ್ನು ಅವನು ಚೆನ್ನಾಗಿ ಹೇಳುತ್ತಿದ್ದನಂತೆ. ರೋಸ್ವಿಟಾಳಿಗೆ ಒಂದು ವರ್ಷ ಎಲ್ಲೂ ಕೆಲಸ ಸಿಗಲಿಲ್ಲ. ಸರ್ಕಾರ ಬಿಡಿಸಿದವಳು ಎಂದ ಮೇಲೆ ಅಂಗಡಿಯವರೂ ಹಿಂಜರಿದರು. ಕೊನೆಗೆ ಪಕ್ಕದ ಊರಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಒಬ್ಬ ಗುತ್ತಿಗೆದಾರನ ಬಳಿ ಸೇರಿದಳು. ನಾಲ್ಕೂಮುಕ್ಕಾಲರ ಅಲಾರಾಂ ನಾಲ್ಕೂಕಾಲಿಗೆ ಬಂತು. ಹಬೆಯಲ್ಲಿ ನಿಂತು ನಿಂತು ಅವಳ ಮುಖ ಕೆಂಪಗೆ ಊದಿಕೊಂಡಿತು, ಮಾತು ಕಡಿಮೆಯಾಯಿತು. ಹೊಸ ಅಂಚೆಯವನು ಒಳ್ಳೆಯ ಹುಡುಗ, ಆದರೆ ಮೇಲಿನ ಕೇರಿಯ ಮುದುಕಿಯರು ಅವನ ಹತ್ತಿರ ಔಷಧಿ ತರಿಸಿಕೊಳ್ಳಲು ಸಂಕೋಚಪಡುತ್ತಿದ್ದರು. ಅದೆಲ್ಲ ಅವಳು ಮಾಡಿಕೊಡುತ್ತಿದ್ದಳೆಂದು ಆಗ ನಮಗೆ ತಿಳಿಯಿತು. ಫ್ರಾವ್ ಮಾಯ್ಲೆ ಮೆಟ್ಟಿಲ ಪುಸ್ತಕವನ್ನು ಮೊಳೆಯಿಂದ ತೆಗೆಯಲಿಲ್ಲ. ಯಾರೂ ಅದರಲ್ಲಿ ಏನೂ ಬರೆಯುತ್ತಿರಲಿಲ್ಲ ಅಷ್ಟೇ.

ಎಪ್ಪತ್ತೇಳರ ಮೇ ತಿಂಗಳಲ್ಲಿ ಪುರಸಭೆ ಮಕ್ಕಳ ಮನೆಯ ವಿಷಯವನ್ನು ಮತ್ತೆ ತೆಗೆಯಿತು. ಶನಿವಾರ ಮಧ್ಯಾಹ್ನ ಸಭೆ. ಅದೇ ಹೆಂಗಸರು ಬಂದಿದ್ದರು. ಬ್ಯಾಂಕಿನ ಗುಮಾಸ್ತೆ, ಆಸ್ಪತ್ರೆಯ ಇಬ್ಬರು ದಾದಿಯರು, ಶಾಲೆಯ ಹೊಲಿಗೆ ಟೀಚರು, ಪುರಸಭೆಯ ಸ್ನಾನಗೃಹದಲ್ಲಿ ಟಿಕೆಟ್ ಹರಿಯುವವಳು. ರೋಸ್ವಿಟಾ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೇಯರು ಅಂಕಿಅಂಶ ಓದಿದರು. ತಾಯಂದಿರಲ್ಲಿ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

ಯಾರೂ ಮಾತಾಡಲಿಲ್ಲ. ಮುಂದಿನ ಸಾಲಿನಲ್ಲಿ ಹೆರ್ ಗ್ರೋಸ್‌ರ ಬೋಳು ನೆತ್ತಿ ಕಾಣುತ್ತಿತ್ತು. ಶಾಲೆಯ ಮುಖ್ಯೋಪಾಧ್ಯಾಯರು, ಆಸ್ಪತ್ರೆಯ ಮೇಲ್ವಿಚಾರಕರು, ಎಲ್ಲರ ನೆತ್ತಿಯೂ ಕಾಣುತ್ತಿತ್ತು. ಆಗ ಹೊಲಿಗೆ ಟೀಚರು ಹಿಂದಕ್ಕೆ ತಿರುಗಿದಳು. ಅವಳ ಹಿಂದೆ ದಾದಿಯರು ತಿರುಗಿದರು. ನಾನೂ ತಿರುಗಿದೆ. ಎಲ್ಲರೂ ರೋಸ್ವಿಟಾಳನ್ನೇ ನೋಡುತ್ತಿದ್ದೆವು. ಅವಳಿಗೆ ಇನ್ನು ಕಳೆದುಕೊಳ್ಳಲು ಏನೂ ಇಲ್ಲವಲ್ಲ, ಅವಳೇ ಹೇಳಲಿ ಎಂದು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವಳು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದಳು. ಸಿಟ್ಟಿನಿಂದೇನಲ್ಲ. ವಿಳಾಸ ಸರಿಯಿದೆಯೇ ಎಂದು ಲಕೋಟೆ ನೋಡುವ ಹಾಗೆ. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಎದ್ದು, ಸದ್ದಾಗದ ಹಾಗೆ ಬಾಗಿಲು ತೆಗೆದು ಹೊರಗೆ ಹೋದಳು.

ಬೇಡಿಕೆ ವ್ಯಕ್ತವಾಗಿಲ್ಲ ಎಂದು ಮೇಯರು ಬರೆಸಿಕೊಂಡರು. ಸಭೆ ಬೇಗ ಮುಗಿಯಿತು.

ಹೊರಗೆ ಬಂದಾಗ ಅವಳು ಬೇಕರಿಯಲ್ಲಿ ಬ್ರೆಡ್ಡು ಕೊಂಡು ಇಳಿಯುತ್ತಿದ್ದಳು. ಎದುರಾದೆವು. ನಾನು ಅವಳನ್ನು ಕೇಳಬಾರದಿತ್ತು, ಆದರೂ ಕೇಳಿದೆ: “ನೀವು ಒಂದು ಮಾತು ಹೇಳಬಹುದಿತ್ತಲ್ಲ, ಫ್ರಾವ್ ಐಸೆಲೆ?”

“ಆಂಕೆಗೆ ಹನ್ನೊಂದು ತುಂಬ್ತು, ಫ್ರಾವ್ ಶ್ವೆಂಕ್. ಈಗ ಅವಳು ಮೆಟ್ಟಿಲ ಮೇಲೆ ಕೂರಲ್ಲ, ಒಳಗೇ ಇರ್ತಾಳೆ. ಅಡುಗೇನೂ ಅವಳೇ ಮಾಡಿಡ್ತಾಳೆ,” ಅಂದಳು. ಬ್ರೆಡ್ಡನ್ನು ಕಂಕುಳಿಗೆ ಸರಿಸಿಕೊಂಡಳು. “ನಾಳೆ ಭಾನುವಾರಾನೂ ಆಸ್ಪತ್ರೆ ಬಟ್ಟೆ ಬರುತ್ತೆ. ಬೇಗ ಏಳ್ಬೇಕು ನಾನು.”

ಇಬ್ಬರೂ ಒಂದೇ ಮನೆಗೆ, ಒಂದೇ ದಾರಿಯಲ್ಲಿ ಹೋಗಬೇಕಿತ್ತು. ಅವಳು ಸೇತುವೆ ದಾಟುವವರೆಗೂ ನಾನು ಬೇಕರಿಯ ಮುಂದೆಯೇ ನಿಂತಿದ್ದೆ.